ಹೊಸಕೋಟೆಯಿಂದ ಶಿವಗಂಗೆಗೆ ವಿದ್ಯುತ್ ಕಾರಿನಲ್ಲಿ

ಹೊಸಕೋಟೆಯಲ್ಲಿ ನೆಲೆಸಿರುವ ನಮ್ಮ ತಂಗಿಯ ಮಗ ವಿದ್ಯುತ್ ಕಾರನ್ನು ಕೊಂಡಾಗ, ಅದರಲ್ಲಿಯೇ ಶಿವಗಂಗೆಗೆ ಹೋಗಿ ಗಂಗಾಧರೇಶ್ವರನ ದರ್ಶನ ಪಡೆಯೋಣವೆಂದು ಹೊರಟೆವು. ಎಂಬತ್ತರ ಸಮೀಪದಲ್ಲಿರುವ ತಾಯಿಯವರಿಗೆ ಸಂತೋಷದೊಡನೆ ಅಳುಕೂ ಇತ್ತು. “ಎಣ್ಣೆಯಿಲ್ಲದ ಗಾಡಿ ನಡುದಾರಿಯಲ್ಲಿ ನಿಂತರೆ ತಳ್ಳುವವರು ಯಾರಪ್ಪ?” ಎಂದರು. ನಮ್ಮಲ್ಲಿಯೂ ಅದಕ್ಕೆ ಉತ್ತರವಿರಲಿಲ್ಲ.

ರಾತ್ರಿಯೆಲ್ಲ ಮನೆಯ ಪ್ಲಗ್ಗಿನಿಂದಲೇ ಚಾರ್ಜ್ ಆಗಿದ್ದ ಕಾರು ಸುಮಾರು 200 ಕಿ.ಮೀ. ಓಡುವುದಾಗಿ ತೋರಿಸುತ್ತಿತ್ತು. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಮೇಲೆ ಹಾದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯನ್ನು ಸೇರುವ ಹೊಸ ಹೆದ್ದಾರಿ ಸುಮಾರು 80 ಕಿ.ಮೀ. ಉದ್ದವಿದ್ದು, 2024ರಲ್ಲಿ ಉದ್ಘಾಟನೆಯಾಗಿದೆ. ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳನ್ನು ಒಂದೇ ದಾರಿಯಲ್ಲಿ ಕಾಣುವ ಭಾಗ್ಯ ನಮ್ಮದಾಯಿತು. ಕಾರಿನ ಸದ್ದಡಗಿದ ಓಟದಲ್ಲಿ ದೇವನಹಳ್ಳಿಯ ಚಕ್ಕೋತದ ರುಚಿಯನ್ನು ನೆನೆಯುತ್ತ ತಾಯಿಯವರು ಅಳುಕನ್ನು ಮರೆತರು.

ದೊಡ್ಡಬಳ್ಳಾಪುರದಲ್ಲಿ ಪರಿಚಿತರಾದ ನೇಕಾರರೊಬ್ಬರ ಮನೆಯಲ್ಲಿ ಕಾಫಿ ಕುಡಿದೆವು. ಕೈಮಗ್ಗದಿಂದ ವಿದ್ಯುತ್ ಮಗ್ಗಕ್ಕೆ ಬಂದ ಊರದು. ಕಾರನ್ನು ಸುತ್ತಿ ನೋಡಿದ ಆ ಹಿರಿಯರು, “ಕರೆಂಟು ಹೋದರೆ ಮಗ್ಗ ನಿಲ್ಲುತ್ತಿತ್ತು. ಇನ್ನು ಗಾಡಿಯೂ ನಿಲ್ಲುತ್ತದಲ್ಲ ಸ್ವಾಮಿ!” ಎಂದು ನಕ್ಕರು. ನಗುವಿನ ಹಿಂದೆ ಅನುಭವವಿತ್ತು.

ಶಿವಗಂಗೆಯಲ್ಲಿ ನಿಧಾನವಾಗಿ ಮೆಟ್ಟಿಲೇರಿ ದರ್ಶನ ಮುಗಿಸಿದೆವು. ಹಿಂದಿರುಗುವಷ್ಟು ವಿದ್ಯುತ್ತು ಬ್ಯಾಟರಿಯಲ್ಲಿ ಉಳಿದಿರಲಿಲ್ಲ. ಹೆದ್ದಾರಿಯ ಮೊದಲನೆಯ ಚಾರ್ಜಿಂಗ್ ಕೇಂದ್ರದ ಯಂತ್ರ ಕೆಟ್ಟಿತ್ತು. ನಮ್ಮ ಎದೆ ಡವಗುಟ್ಟಿತು. ಮುಂದಿನ ಹೋಟೆಲೊಂದರ ಅಂಗಳದಲ್ಲಿ ಯಂತ್ರ ಸಿಕ್ಕಿತಾದರೂ ಮುಕ್ಕಾಲು ಗಂಟೆ ಕಾಯಬೇಕಾಯಿತು. ನಮ್ಮ ಚಡಪಡಿಕೆಯನ್ನು ಕಂಡ ತಾಯಿಯವರು, “ನಮ್ಮ ಕಾಲದಲ್ಲಿ ಎತ್ತುಗಳಿಗೆ ಹುಲ್ಲು ಹಾಕಿ, ನೀರು ಕುಡಿಸಿ, ಆಮೇಲೆ ನಾವು ಬುತ್ತಿ ಬಿಚ್ಚುತ್ತಿದ್ದೆವು. ಇದೂ ಹಾಗೆಯೇ ಅಲ್ಲವೇ?” ಎಂದರು.

ವಿದ್ಯುತ್ ವಾಹನ ನಮ್ಮ ನಾಡಿಗೆ ತೀರ ಹೊಸದೇನಲ್ಲ. ‘ರೇವಾ’ ಎಂಬ ಪುಟ್ಟ ಕಾರು 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾಗಿ ರಸ್ತೆಗಿಳಿದಿತ್ತು. 2017ರಲ್ಲಿ ಇಂಥ ವಾಹನಗಳಿಗಾಗಿಯೇ ನೀತಿಯೊಂದನ್ನು ರೂಪಿಸಿದ ಮೊದಲ ರಾಜ್ಯವೂ ಕರ್ನಾಟಕವೇ. ಪಾವಗಡದ ಬಿಸಿಲಿನಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವಿದೆ. ಆದರೂ ಬಿಸಿಲಿಳಿದ ಮೇಲೆ ರಾಯಚೂರಿನ ಕಲ್ಲಿದ್ದಲನ್ನು ನೆಚ್ಚುವುದು ತಪ್ಪಿಲ್ಲ. ನಮ್ಮ ಬೀದಿಯ ಹೊಗೆ ರಾಯಚೂರಿನವರ ಬಾಗಿಲಿಗೆ ಹೋದರೆ ಸಾಲದು. ದಾರಿಯಲ್ಲಿ ಕೆಡದ ಯಂತ್ರಗಳೂ, ಹಳ್ಳಿಗೆ ನೆಚ್ಚಿಕೆಯ ವಿದ್ಯುತ್ತೂ ದೊರೆತಾಗಲೇ ನಮ್ಮ ನೇಕಾರ ಮಿತ್ರರಂಥವರು ಧೈರ್ಯವಾಗಿ ಇಂಥ ವಾಹನವನ್ನು ಕೊಂಡಾರು.

ಸಂಜೆ ಹೊಸಕೋಟೆಯನ್ನು ಸೇರಿದಾಗ ಬ್ಯಾಟರಿಯಲ್ಲಿ ಇನ್ನೂ ಶೇ. 30ರಷ್ಟು ಉಳಿದಿತ್ತು. ತಾಯಿಯವರು ಮೊಮ್ಮಗನನ್ನು ಕರೆದು, “ಗಾಡಿಗೆ ಮೊದಲು ಮೇವು ಹಾಕು. ನಮ್ಮ ಊಟ ಆಮೇಲೆ” ಎಂದರು.