ಪ್ರಾಗ್‌ನ ನೆಲಮಾಳಿಗೆಯಲ್ಲಿ ಪ್ಲಾಸ್ಟಿಕ್ ಪಿಸ್ತೂಲು

ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಕೊಡಗಿನಿಂದ ಹೋದವರಿಗೆ ಪ್ರಾಗ್‌ನಲ್ಲಿ ಚಾರ್ಲ್ಸ್ ಸೇತುವೆಯಷ್ಟೇ ಸೆಳೆತ ಅಲ್ಲಿನ ಶೂಟಿಂಗ್ ರೇಂಜುಗಳದ್ದು. ತರಬೇತುದಾರ ಪಕ್ಕದಲ್ಲಿದ್ದರೆ ಸಾಕು, ಪ್ರವಾಸಿಗರೂ ಗುಂಡು ಹಾರಿಸಬಹುದು. ಭಾವನನ್ನು ಹೊರಡಿಸಿಕೊಂಡು ಟ್ರಾಮ್ ಹತ್ತಿ, ಊರಂಚಿನ ಒಂದು ನೆಲಮಾಳಿಗೆಗೆ ಇಳಿದೆವು.

ಮೇಜಿನ ಮೇಲೆ ಮೂರು ಪಿಸ್ತೂಲುಗಳು. ಜೆಕ್‌ರ ಹೆಮ್ಮೆಯ ಉಕ್ಕಿನ ಸಿಝಡ್ 75, ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತದೆ. ಪಕ್ಕದಲ್ಲಿ ಅದೇ ಕಂಪನಿಯ ಪಾಲಿಮರ್ ಚೌಕಟ್ಟಿನ ಪಿ-10 ಸಿ. ಇನ್ನೊಂದು ನೆರೆಯ ಆಸ್ಟ್ರಿಯಾದ ಗ್ಲಾಕ್ 17. ಅದನ್ನು ಎತ್ತಿಕೊಂಡವಳೇ ಬೆರಗಾದೆ. ಮ್ಯಾಗಜಿನ್ ಇಲ್ಲದೆ ಮುಕ್ಕಾಲು ಕಿಲೋ ಕೂಡ ಇಲ್ಲ! ಪರದೆ ಕಟ್ಟುವ ಸರಳು, ಚಾಕು ತಯಾರಿಸುತ್ತಿದ್ದ ಗ್ಯಾಸ್ಟನ್ ಗ್ಲಾಕ್, ಪಿಸ್ತೂಲು ಮಾಡಿದ ಅನುಭವವೇ ಇಲ್ಲದೆ ಆಸ್ಟ್ರಿಯಾ ಸೇನೆಯ ಆಯ್ಕೆಯನ್ನು ಗೆದ್ದದ್ದು ಇದರಿಂದಲೇ. ಪಾಲಿಮರ್ ಪಿಸ್ತೂಲು ಅವನ ಕಲ್ಪನೆಯಲ್ಲ, ಜರ್ಮನಿಯ ವಿಪಿ70 1970ರಲ್ಲೇ ಬಂದಿತ್ತು. ಲೋಕ ಒಪ್ಪಿದ್ದು ಮಾತ್ರ ಗ್ಲಾಕನ್ನು.

ಪ್ಲಾಸ್ಟಿಕ್ ಬಾಗಿದರೆ ಗುರಿ ತಪ್ಪುವುದಿಲ್ಲವೇ? ನನ್ನ ಅನುಮಾನಕ್ಕೆ ತರಬೇತುದಾರ ಮಾತಾಡದೆ ಪಿಸ್ತೂಲನ್ನು ಬಿಚ್ಚಿಟ್ಟ. ನಳಿಗೆ ಉಕ್ಕು, ಅದನ್ನು ಬಿಗಿಹಿಡಿಯುವ ಸ್ಲೈಡ್ ಉಕ್ಕು, ಗುರಿಕಟ್ಟುವ ಮುಂದಿನ ಹಿಂದಿನ ಗುರುತುಗಳೆರಡೂ ಆ ಸ್ಲೈಡಿನ ಮೇಲೆಯೇ. ಸ್ಲೈಡ್ ಓಡಾಡಲು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಪುಟ್ಟ ಪಟ್ಟಿಗಳೂ ಉಕ್ಕಿನವೇ. ಪ್ರತಿ ಗುಂಡಿನ ನಂತರ ನಳಿಗೆಯೂ ಸ್ಲೈಡೂ ಮೊದಲಿನಂತೆಯೇ ಕೂಡಿಕೊಂಡರೆ ಗುರಿ ನಿಲ್ಲುತ್ತದೆ; ಪಾಲಿಮರ್ ಇರುವುದು ನಮ್ಮ ಅಂಗೈಗಾಗಿ!

ಮರಳಿನ ಚೀಲದ ಮೇಲೆ ಕೈಯೂರಿ ಅವನು 25 ಮೀಟರಿನಲ್ಲಿ ಗ್ಲಾಕಿನಿಂದ ಹೊಡೆದ ಗುಂಡುಗಳನ್ನೆಲ್ಲ ಒಂದು ಅಂಗೈ ಮುಚ್ಚಬಹುದಿತ್ತು. ಅದೇ ಪಿಸ್ತೂಲು, ಅದೇ ಪೆಟ್ಟಿಗೆಯ ತೋಟೆ, ಭಾವ ನಿಂತು ಹೊಡೆದಾಗ ತೂತುಗಳು ಕಾಗದದ ಕೆಳಗಿನ ಎಡಮೂಲೆಗೆ ಜಾರಿದವು. ಬಲಗೈಯವರು ಟ್ರಿಗರನ್ನು ಮೆಲ್ಲಗೆ ಒತ್ತದೆ ಕಿತ್ತೆಳೆದರೆ ಹೀಗಂತೆ. ಪಿಸ್ತೂಲಿನ ಗುರಿ ತಿಳಿಯಲು ಚೀಲ, ಹಿಡಿತ ತಿಳಿಯಲು ಕೈ. ಒಂದರ ಅಂಕವನ್ನು ಇನ್ನೊಂದಕ್ಕೆ ಕೊಡಬಾರದು ಎಂದ. ಭಾವನ ಮುಖ ನೋಡಬೇಕಿತ್ತು.

ಹಿಡಿತದಲ್ಲಿ ನನ್ನ ಮತ ಪಿ-10ಕ್ಕೆ. ಗ್ಲಾಕಿನ ಹಿಡಿ ಹೆಚ್ಚು ಓರೆ, ಎತ್ತಿದೊಡನೆ ಮೂತಿ ತುಸು ಮೇಲಕ್ಕೇ ನೋಡುತ್ತದೆ. ಪಿ-10 ನೇರ ಗುರಿಗೆ ಬಂದು ನಿಲ್ಲುತ್ತದೆ, ಟ್ರಿಗರೂ ಸ್ಪಷ್ಟ. ಒದೆತದ ವಿಷಯದಲ್ಲಿ ಮಾತ್ರ ಉಕ್ಕಿನ ಅಜ್ಜನೇ ದೊಡ್ಡವನು. ತೂಕವೇ ಅರ್ಧ ಒದೆತ ನುಂಗುತ್ತದೆ. ಆದರೂ ಇಡೀ ದಿನ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಪೊಲೀಸರು ಯಾವುದನ್ನು ಕೇಳುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಸಿಝಡ್ 75ನ್ನು ಇನ್ನೊಮ್ಮೆ ಹಿಡಿಯೋಣವೆಂದರೆ ನಮ್ಮ ಸಮಯ ಮುಗಿದಿತ್ತು. ಮದುವೆಗೆ ಮುಂಚಿನ ಮೋಜಿಗೆ ಬಂದ ಇಂಗ್ಲಿಷ್ ಹುಡುಗರ ದಂಡು ಮೆಟ್ಟಿಲ ಮೇಲೆ ಕಾಯುತ್ತಿತ್ತು.