ಬಿಸಿಲಿಗೆ ಒಗ್ಗುವ ದನ

ದನದ ಸಂತೆಗೆ ಹೋದವರ ಕಣ್ಣು ಮೊದಲು ಬೀಳುವುದು ತುಂಬಿದ ಮೈಯ ಮೇಲೆ. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಮಾಂಸಕ್ಕಾಗಿ ದನ ಸಾಕುವವರೂ ಹಾಗೆಯೇ ನೋಡಿದರು. ಇಂಗ್ಲೆಂಡಿನ ಷಾರ್ಟ್‌ಹಾರ್ನ್, ಹೆರ್‌ಫರ್ಡ್ ತಳಿಗಳನ್ನು ತಂದು ಟೆಕ್ಸಾಸಿನ ಬಿಸಿಲಿಗೆ ಬಿಟ್ಟರು. ತಂಪು ನಾಡಿನಲ್ಲಿ ಕೊಬ್ಬುತ್ತಿದ್ದ ಪ್ರಾಣಿ ಅಲ್ಲಿ ಮೇವು ಬಿಟ್ಟು ನೆರಳು ಹುಡುಕತೊಡಗಿತು. ಸಾಲದ್ದಕ್ಕೆ ಉಣ್ಣಿಯಿಂದ ಹರಡುವ ಜ್ವರ ಬೇರೆ.

ಗೋಮಾಂಸದ ಮಾತೆಂದರೆ ನಮ್ಮಲ್ಲಿ ಅನೇಕರಿಗೆ ಮುಜುಗರ. ನಾವೂ ಅದನ್ನು ಮುಟ್ಟುವವರಲ್ಲ. ಆದರೂ ಈ ವೃತ್ತಾಂತದಲ್ಲಿ ನಮ್ಮ ಕಡೆಯ ದನವೇ ಬರುವುದರಿಂದ ಹೇಳದೆ ಇರಲಾರೆವು.

1854ರಲ್ಲಿ ಲೂಸಿಯಾನದ ತೋಟಗಾರ ರಿಚರ್ಡ್ ಬ್ಯಾರೋ ಎಂಬವನಿಗೆ ಬ್ರಿಟಿಷ್ ಸರಕಾರ ಎರಡು ಭಾರತೀಯ ಹೋರಿಗಳನ್ನು ಉಡುಗೊರೆಯಾಗಿ ಕೊಟ್ಟಿತು. ಅವುಗಳ ಕರುಗಳು ಬಿಸಿಲಲ್ಲೂ ಮೇಯುವುದನ್ನು ಕಂಡು ಇತರರೂ ತರಿಸಿಕೊಂಡರು. 1920ರ ದಶಕದವರೆಗೆ ಹೋದವು ಎಲ್ಲ ಸೇರಿ 300ಕ್ಕೂ ಕಡಮೆ. ಗೀರ್, ಕಾಂಕ್ರೇಜ್, ಓಂಗೋಲುಗಳ ಜೊತೆಗೆ ನಮ್ಮ ಕೃಷ್ಣಾ ತೀರದ ತಳಿಯೂ ಅವುಗಳಲ್ಲಿತ್ತು. ಎಲ್ಲವನ್ನೂ ಬೆರೆಸಿ ಬೆಳೆಸಿದ ತಳಿಗೆ ಅವರಿಟ್ಟ ಹೆಸರು 'ಬ್ರಾಹ್ಮನ್'! ನಮ್ಮ ಅಗ್ರಹಾರದ ಹಿರಿಯರನ್ನು ಕೇಳಿ ಇಟ್ಟ ಹೆಸರಂತೂ ಅಲ್ಲ.

ನಾವು ಚಂದಕ್ಕೆಂದು ತಿಳಿದಿರುವ ಲಕ್ಷಣಗಳಲ್ಲಿಯೇ ಇದರ ಗುಟ್ಟಿದೆ. ಜೋಲುವ ಗಂಗೆದೊಗಲು, ಸಡಿಲ ಚರ್ಮ, ಅದರಲ್ಲಿ ಹೇರಳವಾದ ಬೆವರಿನ ಗ್ರಂಥಿಗಳು. ಮೇಲೆ ಗಿಡ್ಡನೆಯ ನುಣುಪು ಕೂದಲು, ಕೆಳಗೆ ಕಪ್ಪು ತೊಗಲು. ಮೈಯೊಳಗೆ ಹುಟ್ಟುವ ಕಾವೂ ಕಡಮೆ. ಉಣ್ಣಿಯ ಕಾಟವನ್ನೂ ತಡೆಯುತ್ತದೆ. ಕುಂದಿಲ್ಲವೆಂದಲ್ಲ: ಬೆಳೆಯುವುದು ನಿಧಾನ, ಮಾಂಸವೂ ಅಷ್ಟು ಮೃದುವಲ್ಲವಂತೆ. ಅದಕ್ಕೇ ಟೆಕ್ಸಾಸಿನ ಕಿಂಗ್ ರಾಂಚಿನವರು ಐದು ಪಾಲು ಷಾರ್ಟ್‌ಹಾರ್ನ್, ಮೂರು ಪಾಲು ಬ್ರಾಹ್ಮನ್ ಕೂಡಿಸಿ ಸಾಂತಾ ಗೆರ್ಟ್ರೂಡಿಸ್ ಎಂಬ ತಳಿ ಕಟ್ಟಿದರು. 1940ರಲ್ಲಿ ಅದಕ್ಕೆ ಮನ್ನಣೆ ದೊರೆಯಿತು.

ಇನ್ನು ಕೃಷ್ಣಾ ತೀರದ ದನವೂ ಬೆರಕೆಯಿಂದ ಬಂದದ್ದೇ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಾಂಗಲಿ ಮತ್ತು ನೆರೆಯ ಸಂಸ್ಥಾನಿಕರು ಹೊರಗಿನ ಹೋರಿಗಳನ್ನು ತರಿಸಿ ಊರ ಆಕಳುಗಳಿಗೆ ಕೂಡಿಸಿ, ಎರೆಭೂಮಿಯ ಉಳುಮೆಗೆಂದು ಬೆಳೆಸಿದರು. ಟ್ರ್ಯಾಕ್ಟರು ಬಂತು, ಎತ್ತುಗಳು ಹೋದವು. ಈಗ ಶುದ್ಧ ತಳಿ ಸಿಗುವುದೇ ಅಪರೂಪ. ನಮ್ಮ ತಂದೆಯವರ ಕಾಲದ ಜೋಡಿಯೂ ಸಂತೆಯಲ್ಲಿ ಮಾರಿಹೋಯಿತು.

ಊರಿನಲ್ಲಿರುವ ನಮ್ಮ ತಮ್ಮ ಈಚೆಗೆ ಫೋನು ಮಾಡಿ, ಸಾಲ ತೆಗೆದು ಹಾಲಿಗೆ ಎರಡು ಶುದ್ಧ ಹೋಲ್‌ಸ್ಟೀನ್ ಆಕಳು ತರುವ ವಿಚಾರ ಹೇಳಿದ.

"ದಿನಕ್ಕ ಇಪ್ಪತ್ತು ಲೀಟರ್ ಕೊಡತಾವಂತ, ಅಣ್ಣಾ."

"ಯಾವ ತಿಂಗಳದಾಗ?" ಎಂದೆವು.

ಅವನು ಸುಮ್ಮನಾದ. ಹಾಲಿನ ಲೆಕ್ಕ ಬೇರೆ, ಮಾಂಸದ ಲೆಕ್ಕ ಬೇರೆ, ನಿಜ. ಬಿಸಿಲು ಮಾತ್ರ ಎರಡಕ್ಕೂ ಒಂದೇ. ಅದು ತಂಪು ದೇಶದ ತಳಿ. ನಮ್ಮ ವಿಜಯಪುರದ ಕಡೆಯ ಬೇಸಗೆಯಲ್ಲಿ ನೆರಳು, ನೀರು, ಹಸಿಮೇವು ಎಲ್ಲವನ್ನೂ ಕೊಂಡೇ ಒದಗಿಸಬೇಕು. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಬರುತ್ತದೆ. ಆದ್ದರಿಂದ, ಮುಂಗಡ ಕೊಡುವ ಮುಂಚೆ ಅಂಥ ಆಕಳು ಕಟ್ಟಿದವರ ಮನೆಗೆ ಏಪ್ರಿಲಿನ ನಡುಹಗಲು ಹೋಗಿ, ಅದು ಮೆಲುಕು ಹಾಕುತ್ತಿದೆಯೋ, ಬಾಯಿ ತೆರೆದು ಏದುತ್ತಿದೆಯೋ ನೋಡಿ ಬಾ ಎಂದು ಹೇಳಿದ್ದೇವೆ. ಗೀರ್ ಬೆರಕೆಯ ಒಂದು ಆಕಳು ಸಾಕೆಂಬುದು ನಮ್ಮ ಅಭಿಪ್ರಾಯ. ಅವನು ಇನ್ನೂ ಒಪ್ಪಿಲ್ಲ.