ಕ್ಯಾಸಲ್‌ರಾಕ್ ಕಾಡಿನ ದನಿ

ಯಗಟಿ



ನಿಮ್ಮ ಕಾಗದ ತಲುಪಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ವಶದಲ್ಲಿದ್ದ ನಾರ್ವೆಗೆ ಶೆಟ್ಲೆಂಡ್ ದ್ವೀಪಗಳಿಂದ ಮೀನುದೋಣಿಗಳು ಕದ್ದು ಓಡಾಡಿದ ಕಥೆ ಓದಿದ್ದೀರಿ. ಬೇಸಿಗೆಯ ರಾತ್ರಿ ಅಲ್ಲಿ ಕತ್ತಲಾಗುವುದೇ ಅಪರೂಪ. ಹಾಗಾಗಿ ಚಳಿಗಾಲದ ಬಿರುಗಾಳಿಯಲ್ಲೇ ಹೊರಡಬೇಕು, ಡೆಕ್ಕಿನ ಎಣ್ಣೆ ಪೀಪಾಯಿಗಳಲ್ಲಿ ಮಷಿನ್‌ಗನ್ ಅಡಗಿಸಿಕೊಂಡು. ಹೋಗುವಾಗ ಆಯುಧ, ರೇಡಿಯೊ. ಬರುವಾಗ ತಲೆಮರೆಸಿಕೊಂಡ ಜನ. 44 ಮಂದಿ ಜೀವ ತೆತ್ತರು. ನಮ್ಮ ಕಡೆ ಅಂಥದ್ದೇನಾದರೂ ನಡೆದಿತ್ತೇ ಎಂದು ಕೇಳಿದ್ದೀರಿ.

ನಡೆದಿತ್ತು. ನಮ್ಮ ಬೀರೂರಿನ ರೈಲುಹಳಿ ಹುಬ್ಬಳ್ಳಿ, ಲೋಂಡಾ ದಾಟಿ ಕ್ಯಾಸಲ್‌ರಾಕ್ ಮುಟ್ಟುತ್ತದಲ್ಲ, ಅಲ್ಲಿಂದ ಘಟ್ಟ ಇಳಿದರೆ ಗೋವಾ. ಆಗ ಅದು ಪೋರ್ಚುಗೀಸರ ವಶದಲ್ಲಿತ್ತು. 1955ರ ಆಗಸ್ಟ್ 15ರಂದು ಬರಿಗೈಯಲ್ಲಿ ಗಡಿ ದಾಟಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಆ ವರ್ಷವೇ ರೈಲೂ ನಿಂತಿತು. ಗೋವಾದ ಒಳಗಿದ್ದವರಿಗೆ ಅಲ್ಲಿನ ಸರ್ಕಾರ ಹೇಳಿದ್ದೇ ಸುದ್ದಿ. ಪತ್ರಿಕೆಗಳ ಮೇಲೆ ಕತ್ತರಿ.

ಅದೇ ವರ್ಷ ನವೆಂಬರ್ 25ರಂದು ಗೋವಾ ಗಡಿಯಾಚೆಯ ಅಂಬೋಲಿ ಕಾಡಿನಿಂದ ಗುಪ್ತ ಬಾನುಲಿಯೊಂದು ಮಾತಾಡತೊಡಗಿತು. 1510ರಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಗೋವಾ ಗೆದ್ದದ್ದೂ ಅದೇ ತಾರೀಖು. ಹೋರಾಟಗಾರರಾದ ವಾಮನ ಸರದೇಸಾಯಿ, ಲಿಬಿಯಾ ಲೋಬೊ ಲಾರಿಯಲ್ಲಿ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ಸುದ್ದಿ ಬಿತ್ತರಿಸಿದರು. ಆಮೇಲೆ ನೆಲೆ ನಮ್ಮ ಕ್ಯಾಸಲ್‌ರಾಕ್ ಕಾಡಿಗೆ ಬದಲಾಯಿತು. ಘಟ್ಟದ ಆ ಮಳೆ, ಹಾವು, ಜಿಗಣೆಗಳ ನಡುವೆ, ಹೆಸರು ವಿಳಾಸ ಯಾರಿಗೂ ತಿಳಿಯದ ಹಾಗೆ ಆರು ವರ್ಷ! ಗುಂಡಿಗೆ ಎದೆಯೊಡ್ಡುವುದಕ್ಕಿಂತ ಇದು ಕಷ್ಟ ಎಂದೇ ನನ್ನ ನಂಬಿಕೆ. ಅಲ್ಲಿ ನೋಡುವವರಾದರೂ ಇರುತ್ತಾರೆ.

ಕಡಲಿನ ಪಾಲೂ ಇದೆ. 1961ರ ನವೆಂಬರ್‌ನಲ್ಲಿ ಕಾರವಾರದೆದುರಿನ ಅಂಜುದೀವ್ ದ್ವೀಪದಿಂದ ಪೋರ್ಚುಗೀಸ್ ಸೈನಿಕರು ಹಡಗಿನ ಮೇಲೂ ಮೀನುದೋಣಿಯ ಮೇಲೂ ಗುಂಡು ಹಾರಿಸಿದರು, ಬೆಸ್ತನೊಬ್ಬ ಸತ್ತ. ಭಾರತದ ಸೇನೆ ಗೋವಾಕ್ಕೆ ನುಗ್ಗಿದ ಡಿಸೆಂಬರ್ 18ರಂದು ಐಎನ್‌ಎಸ್ ಮೈಸೂರು, ತ್ರಿಶೂಲ್ ಹಡಗುಗಳು ಆ ದ್ವೀಪ ಹಿಡಿಯಲು ಹೋದವು. ನಮ್ಮ ಏಳು ನಾವಿಕರು ಅಲ್ಲಿ ಮಡಿದರು.

ಮಾರನೇ ದಿನ ಪೋರ್ಚುಗೀಸರು ಶರಣಾದರು. ವಾಮನ, ಲಿಬಿಯಾ ಇಬ್ಬರೂ ವಿಮಾನ ಹತ್ತಿ, ಧ್ವನಿವರ್ಧಕದಲ್ಲಿ ಗೋವಾ ಬಿಡುಗಡೆಯಾಯಿತೆಂದು ಸಾರುತ್ತ, ಕರಪತ್ರ ಉದುರಿಸುತ್ತ ಊರೂರ ಮೇಲೆ ಹಾರಿದರು. ಮುಂದೆ ಅವರು ಮದುವೆಯೂ ಆದರು. ಲಿಬಿಯಾ ಅವರಿಗೆ ಪದ್ಮಶ್ರೀ ಬಂದದ್ದು 2025ರಲ್ಲಿ, ನೂರು ಮುಟ್ಟಿದ ಮೇಲೆ. ಇಷ್ಟು ತಡವಾಗಬಾರದಿತ್ತು.

ಗೋವಾಕ್ಕೆ ಹೋಗುವ ಯೋಚನೆ ಇದ್ದರೆ ಬಸ್ಸು ಬೇಡ, ರೈಲು ಹಿಡಿಯೋಣ. ಬೀರೂರಿನಲ್ಲಿ ನಾನೂ ಹತ್ತಿಕೊಳ್ಳುತ್ತೇನೆ.

ಇಂತಿ ನಿಮ್ಮವ